ಕೇಪುಳಕ್ಕೆ ಕ್ರಾಪು ಬೇಡ ಮಾರಾಯ್ರೇ

ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ಗೇಟಿನಿಂದ ಲಿಫ್ಟಿನವರೆಗೆ ಎರಡೂ ಬದಿ ಇಕ್ಸೋರಾ ನೆಟ್ಟಿದ್ದಾರೆ. ಹದಿನೈದು ದಿನಕ್ಕೊಮ್ಮೆ ಮಾಲಿ ಬಂದು ದೊಡ್ಡ ಕತ್ತರಿಯಲ್ಲಿ ಅದನ್ನು ಇಟ್ಟಿಗೆಯ ಹಾಗೆ ಚೌಕ ಮಾಡಿ ಹೋಗುತ್ತಾನೆ. ಹೂವು? ವರ್ಷಕ್ಕೆ ನಾಲ್ಕು ಗೊಂಚಲು ಕಂಡರೆ ಪುಣ್ಯ. ಈಗ ಕಮಿಟಿಯವರು, ಹೂವೇ ಬಿಡದ ಗಿಡ ಯಾಕೆ, ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸೋಣ ಅನ್ನುತ್ತಿದ್ದಾರೆ.

ಇಕ್ಸೋರಾ ಅಂದರೆ ಬೇರೇನಲ್ಲ, ನಮ್ಮ ಕೇಪುಳ. ಊರಿನ ಮುರಕಲ್ಲಿನ ಗುಡ್ಡೆಯಲ್ಲಿ ಯಾರೂ ನೀರು ಗೊಬ್ಬರ ಹಾಕದಿದ್ದರೂ ಅಡ್ಡಡ್ಡ ಹರಡಿಕೊಂಡು ವರ್ಷವಿಡೀ ಹಸಿರಾಗಿರುವ ಗಿಡ. ಶಾಲೆಯಿಂದ ಬರುವಾಗ ಹೂವಿನ ತೊಟ್ಟು ಎಳೆದು ಜೇನು ಚೀಪಿದವರಿಗೆ, ಹಣ್ಣು ತಿಂದವರಿಗೆ, ಅಮ್ಮ ಮಾಡಿದ ಕೇಪುಳ ಹೂವಿನ ತಂಬುಳಿ ಉಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಈ ಗಿಡ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಮೊಗ್ಗು ಮೂಡುವ ತುದಿಯನ್ನೇ ತಿಂಗಳಿಗೆರಡು ಸಲ ಕತ್ತರಿಸಿ, ಆಮೇಲೆ ಹೂವಿಲ್ಲ ಅಂತ ಗಿಡವನ್ನು ಬೈದರೆ ಹೇಗೆ? ಒಂದು ಸುತ್ತು ಹೂವು ಮುಗಿದ ಮೇಲೆ, ವರ್ಷಕ್ಕೊಮ್ಮೆ ಹದವಾಗಿ ಸವರಿದರೆ ಸಾಕು. ನೆಡುವಾಗಲೇ ಗಿಡದಿಂದ ಗಿಡಕ್ಕೆ ಮೂರಡಿ, ಗೋಡೆಯಿಂದ ಎರಡಡಿ ಬಿಟ್ಟರೆ ಕತ್ತರಿಯ ಕೆಲಸವೇ ಕಡಿಮೆ. ಅಷ್ಟು ಜಾಗ ಇಲ್ಲವೋ, ನರ್ಸರಿಯಲ್ಲಿ ಗಿಡ್ಡ ಜಾತಿಯ 'ಮಿನಿ' ಸಿಗುತ್ತದೆ, ಅದನ್ನು ನೆಡಿ. ಹರಡುವ ಗಿಡವನ್ನು ಇಕ್ಕಟ್ಟಿನಲ್ಲಿ ನೆಟ್ಟು ಶಿಕ್ಷೆ ಕೊಡಬೇಡಿ. (ಒಂದೇ ಖೋಲಿಯಲ್ಲಿ ಆರು ಜನ ಇದ್ದು ಬಂದವ ನಾನು, ಇಕ್ಕಟ್ಟು ಅಂದರೆ ಏನೆಂದು ನನಗೆ ಗೊತ್ತು.)

ಎಲೆ ಹಳದಿ ಅನ್ನುವ ದೂರು ಬೇರೆ. ಕೇಪುಳಕ್ಕೆ ಹುಳಿ ಮಣ್ಣು ಬೇಕು. ನಮ್ಮ ಬಿಲ್ಡಿಂಗಿನ ಬುಡದಲ್ಲಿರುವುದು ಸಿಮೆಂಟು, ಸುಣ್ಣದ ಚೂರು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ರೋಗ ಇದೇ. ಮಾಲಿ ಯೂರಿಯಾ ಸುರಿಯುತ್ತಾನೆ, ಪ್ರಯೋಜನ ಇಲ್ಲ. ಚೂರುಗಳನ್ನು ತೆಗೆದು, ಕಾಂಪೋಸ್ಟ್ ಸೇರಿಸಿ, ಬುಡಕ್ಕೆ ತರಗೆಲೆ ಹಾಕಬೇಕು. ಸದ್ಯಕ್ಕೆ ಚೀಲೇಟೆಡ್ ಐರನ್ ನೀರಿನಲ್ಲಿ ಬೆರೆಸಿ ಎಲೆಗೆ ಸಿಂಪಡಿಸಬಹುದು. ಅರ್ಧ ದಿನವಾದರೂ ಬಿಸಿಲು ಬೀಳಬೇಕು, ಅದು ನಮ್ಮಲ್ಲಿ ಬೇಕಾದಷ್ಟಿದೆ.

ನನ್ನ ಕಿಟಕಿಯ ಕೆಳಗಿನ ಹತ್ತಡಿಯನ್ನು ಒಂದು ವರ್ಷ ಕತ್ತರಿ ಮುಟ್ಟಿಸದೆ ಬಿಡಿ ಎಂದು ಕೇಳಿದ್ದೇನೆ. "ಸಾಹೇಬ್, ಜಂಗಲ್ ದಿಸೇಲ್," ಅಂದ ಮಾಲಿ. ಕಾಣಲಿ ಬಿಡು, ಅಂದೆ. ಭಾನುವಾರ ಮೀಟಿಂಗ್ ಇದೆ. ಇದನ್ನು ಓದುವವರಲ್ಲಿ ನಮ್ಮ ಬಿಲ್ಡಿಂಗಿನವರು ಯಾರಾದರೂ ಇದ್ದರೆ ದಯವಿಟ್ಟು ಬಂದು ಕೈ ಎತ್ತಿ.