ಮರೆವಿಗೆ ಮಣಿಯದ ಕತೆಗಾರ

ಮನೆಯ ಹಿರಿಯರ ಮರೆವಿನ ರೋಗವನ್ನು ನಾವು ಎಷ್ಟೋ ಸಲ ನಾಚಿಕೆಯಿಂದ ಮುಚ್ಚಿಡುತ್ತೇವೆ. ಆಂಗ್ಲ ಕಾದಂಬರಿಕಾರರಾದ ಟೆರಿ ಪ್ರ್ಯಾಚೆಟ್ಟರು ಹಾಗೆ ಮಾಡಲಿಲ್ಲ.

1948ರಲ್ಲಿ ಜನಿಸಿದ ಇವರು 17ನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು ಪತ್ರಿಕಾವೃತ್ತಿಯನ್ನು ಕೈಗೊಂಡರು. 1983ರಲ್ಲಿ ಆರಂಭವಾದ ಇವರ ‘ಡಿಸ್ಕ್‌ವರ್ಲ್ಡ್’ ಮಾಲೆಯ ಲೋಕವು ತಟ್ಟೆಯಂತೆ ಚಪ್ಪಟೆಯಾದುದು. ಅದನ್ನು ನಾಲ್ಕು ಆನೆಗಳೂ, ಅವನ್ನು ಮಹಾಕೂರ್ಮವೊಂದೂ ಹೊತ್ತಿವೆ. ನಮ್ಮ ಪುರಾಣಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಮಂತ್ರವಾದಿಗಳ ನೆವದಿಂದ ಮನುಷ್ಯರ ಡಂಭವನ್ನೇ ಹಾಸ್ಯಮಾಡುತ್ತ ಆ ಮಾಲೆಯಲ್ಲಿ 41 ಕಾದಂಬರಿಗಳನ್ನು ರಚಿಸಿದರು.

2007ರಲ್ಲಿ ತಮಗೆ ಆಲ್ಜೈಮರ್ ರೋಗವು ತಗಲಿರುವುದನ್ನು ಅವರೇ ಬಹಿರಂಗವಾಗಿ ಸಾರಿದರು. ಮರುವರ್ಷ ಅದರ ಸಂಶೋಧನೆಗಾಗಿ ಹತ್ತು ಲಕ್ಷ ಡಾಲರುಗಳ ದಾನವನ್ನು ಘೋಷಿಸಿದರು. ತಾವೇ ಬರೆಯಲಾರದಾದಾಗ ಬಾಯಿಂದ ಹೇಳಿ ಬರೆಯಿಸಿದರು. 2015ರ ಮಾರ್ಚಿನಲ್ಲಿ ಅವರು ಕಾಲವಾದ ಬಳಿಕ ಕಡೆಯ ಕಾದಂಬರಿಯು ಪ್ರಕಟವಾಯಿತು.

ಮರೆವು ಅಪರಾಧವಲ್ಲ. ನಮ್ಮ ಹಿರಿಯರು ಹೇಳಬೇಕೆಂದಿರುವುದನ್ನು ಇಂದೇ ಕುಳಿತು ಕೇಳೋಣ.