ಬೆಳೆ ಕಾಯುವ ಕೋವಿ: ಮದ್ದಿನ ಅಳತೆ ಕಲಿಸುವವರು ಯಾರು?

ಚುನಾವಣೆ ಘೋಷಣೆಯಾದೊಡನೆ ಮಲೆನಾಡು ಮತ್ತು ಕರಾವಳಿಯ ಕೃಷಿಕರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕೇ ಎಂಬ ವಿವಾದ ತಲೆಯೆತ್ತುತ್ತದೆ. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಲ್ಲೂ ಈ ಅಸಮಾಧಾನ ವ್ಯಕ್ತವಾಗಿತ್ತು. ಆದರೆ ಮರಳಿ ಮನೆಗೆ ಬಂದ ಕೋವಿಗೆ ಈಡು ತುಂಬುವ ಕ್ರಮದ ಬಗ್ಗೆ ಚರ್ಚೆ ನಡೆಯುವುದು ಅಪರೂಪ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಸೂಚಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿಗೆ ಪರವಾನಗಿ ದೊರೆಯುತ್ತದೆ. ತೋಟಾದೊಳಗಿನ ಮದ್ದನ್ನು ಕಾರ್ಖಾನೆ ಅಳೆದಿರುತ್ತದೆ; ಕೇಪಿನ ಕೋವಿಯಲ್ಲಿ ಆ ಹೊಣೆ ಕೃಷಿಕನ ಕೈಯದು.

ಅಪಾಯ ಅಡಗಿರುವುದು ಇಲ್ಲಿಯೇ. ಕರಿಮದ್ದಿಗಾಗಿ ರೂಪಿಸಿದ ನಳಿಗೆಗೆ ಹೊಗೆರಹಿತ ಮದ್ದು ತುಂಬಿದರೆ ಒತ್ತಡ ಮಿತಿಮೀರಿ ನಳಿಗೆ ಸಿಡಿಯಬಹುದು. ಗುಂಡು ಮದ್ದಿಗೆ ತಾಗಿ ಕೂರದೆ ನಡುವೆಯೇ ನಿಂತರೂ ಅದೇ ಗತಿ. ಈಡು ತುಂಬಿದ್ದನ್ನು ಮರೆತು ಮತ್ತೊಮ್ಮೆ ತುಂಬುವುದು ಇನ್ನೊಂದು ಪ್ರಮಾದ. ಗಜದ ಮೇಲೆ ಗುರುತು ಮಾಡಿಕೊಂಡರೆ ನಳಿಗೆ ಖಾಲಿಯೋ ಅಲ್ಲವೋ ಎಂಬುದು ಒಡನೆ ತಿಳಿಯುತ್ತದೆ. ಹೊಸ ಕೋವಿಗೆ ತಯಾರಕರು ಹೇಳಿದ ಕನಿಷ್ಠ ಪ್ರಮಾಣದಿಂದಲೇ ಆರಂಭಿಸಬೇಕು, ಗರಿಷ್ಠವನ್ನು ಎಂದೂ ದಾಟಬಾರದು. ಮದ್ದು ಹೆಚ್ಚಿದರೆ ಗುರಿ ನಿಖರವಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಪ್ರತಿ ಈಡಿಗೂ ಒಂದೇ ಅಳತೆ ಎಂಬುದೇ ನಿಖರತೆಯ ಗುಟ್ಟು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವುದೂ ಸಲ್ಲದು: ಒಳಗೆ ಉಳಿದ ಒಂದು ಕಿಡಿ ಇಡೀ ಡಬ್ಬಿಗೆ ವ್ಯಾಪಿಸಬಲ್ಲದು.

ಪರವಾನಗಿಯೆಂದರೆ ಬೇಟೆಗೆ ಅನುಮತಿಯಲ್ಲ ಎಂಬುದನ್ನೂ ನೆನಪಿಡಬೇಕು. ಬೆಳೆ ಹಾಳುಗೆಡಹುವ ಹಂದಿಯನ್ನು ಕೊಲ್ಲಲು 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಪ್ರತ್ಯೇಕ ಆದೇಶ ಬೇಕು.

2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಪರಿಕಲ್ಪನೆಯನ್ನು ತಂದವು. ಆದರೆ ತಂದೆಯಿಂದ ಮಗನಿಗೆ ಬಂದ ಕೋವಿಯೊಡನೆ ಅಳತೆಯ ಅರಿವೂ ಬಂದಿರುತ್ತದೆಂದು ಭಾವಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ನವೀಕರಣದ ನೆಪದಲ್ಲಿ ಕೋವಿ ಪರೀಕ್ಷೆಗೆ ಒಳಪಡುವ ಅವಕಾಶವೂ ಅಷ್ಟೇ ವಿರಳವಾಗಿದೆ. ಹೀಗಿರುವಾಗ ಚುನಾವಣೆಗೆಂದು ಠಾಣೆ ಸೇರುವ ಕೋವಿಗಳನ್ನು ಲೆಕ್ಕ ಹಾಕಿ ಹಿಂದಿರುಗಿಸಿದರೆ ಸಾಲದು. ನಳಿಗೆಯ ತುಕ್ಕು, ಬಿರುಕುಗಳ ತಪಾಸಣೆಯೊಂದಿಗೆ ಒಂದು ದಿನದ ತರಬೇತಿಯನ್ನೂ ತಾಲ್ಲೂಕು ಮಟ್ಟದಲ್ಲಿ ನೀಡಬೇಕು. ಬೆಳೆಯನ್ನು ಕಾಯಬೇಕಾದ ಕೋವಿ ಬೆಳೆಗಾರನ ಕೈಯನ್ನೇ ಕಸಿಯುವಂತಾಗಬಾರದು.