ಆರೋಗ್ಯ ಚಿಂತನ: ಒಂದು ಅಕ್ಷರ ತಪ್ಪಿದರೆ



ಮಿರಜಿನಿಂದ ಲಾತೂರಿಗೆ ಹೋಗುವ ರೈಲುದಾರಿಯಲ್ಲಿರುವ ಬಾರ್ಶಿ ನಮ್ಮ ವ್ಯಾಪಾರಿ ಮನೆತನಗಳಿಗೆ ಹೊಸ ಊರೇನಲ್ಲ. 1973ರಲ್ಲಿ ಆ ಊರಿನಲ್ಲಿ ಮನೆಮನೆಗೂ ಒಂದು ಜ್ವರ ಹಬ್ಬಿತು. ಜ್ವರದ ಜೊತೆಗೆ ಕೈಕಾಲುಗಳ ಕೀಲೆಲ್ಲ ಹಿಡಿದು ಜನರು ನೆಟ್ಟಗೆ ನಿಲ್ಲಲಾರದಂತಾದರು. ಅದೇ ಚಿಕೂನ್‌ಗುನ್ಯಾ. ಆಫ್ರಿಕದ ತಾಂಜಾನಿಯಾದ ಮಕೊಂಡೆ ಜನರ ಭಾಷೆಯಲ್ಲಿ ಈ ಹೆಸರಿಗೆ ಬಾಗಿಹೋಗುವುದು ಎಂದೇ ಅರ್ಥ. 1952ರಲ್ಲಿ ರೋಗವನ್ನು ಮೊದಲು ಗುರುತಿಸಿದ್ದು ಆ ನಾಡಿನಲ್ಲಿಯೇ.

ಬಾರ್ಶಿಯ ನಂತರ ಸುಮಾರು ಮೂರು ದಶಕ ನಮ್ಮ ದೇಶದಲ್ಲಿ ಈ ರೋಗದ ದೊಡ್ಡ ಹಾವಳಿ ಕಾಣಲಿಲ್ಲ. ಜನರು ಅದರ ಹೆಸರನ್ನೇ ಮರೆತಿದ್ದಾಗ 2005ರ ಕೊನೆಗೆ ಅದು ಮರಳಿ ಬಂದಿತು. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಜನರಿಗೆ ತಗಲಿದ ಶಂಕೆಯಿತ್ತು. ಕರ್ನಾಟಕವೊಂದರಲ್ಲೇ ಈ ಸಂಖ್ಯೆ ಸುಮಾರು 7.5 ಲಕ್ಷ. ಆ ವರ್ಷ ನಮ್ಮ ಮನೆಯ ಹಿರಿಯರೊಬ್ಬರು ನಾಲ್ಕು ತಿಂಗಳು ಪದ್ಮಾಸನ ಹಾಕಿ ಕುಳಿತುಕೊಳ್ಳಲಾರದೆ ನೊಂದುಕೊಂಡರು. ನಾವು ನೆರೆಯ ಗಟಾರವನ್ನು ಬೈದೆವು. ಆದರೆ ಮುಚ್ಚಳವಿಲ್ಲದ ನೀರಿನ ಪೀಪಾಯಿ ಇದ್ದದ್ದು ನಮ್ಮದೇ ಹಿತ್ತಲಿನಲ್ಲಿ.

ಮರಳಿ ಬಂದದ್ದು ಹಳೆಯ ವೈರಸ್ಸೇ ಏನು? ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಬೇರೆ ಕವಲಿನದೆಂದು ತಿಳಿಯಿತು. 1973ರದು ಏಷ್ಯಾದ ಕವಲು, 2006ರದು ಆಫ್ರಿಕದ ಕವಲು. ಒಂದೇ ಮನೆತನದ ಎರಡು ಶಾಖೆಗಳಿದ್ದಂತೆ.

ವೈರಸ್ಸು ಹೀಗೆ ಬದಲಾಗುವ ಬಗೆಯನ್ನು ಅಂಗಡಿಯ ಲೆಕ್ಕದಿಂದಲೇ ತಿಳಿಯಬಹುದು. ಗುಮಾಸ್ತನು ಕಿರ್ದಿಯಿಂದ ಖಾತೆಗೆ ಬರೆಯುವಾಗ ಒಂದು ಅಂಕಿ ತಪ್ಪುತ್ತಾನೆ. ಸಂಜೆ ತಾಳೆ ನೋಡಿದರೆ ತಪ್ಪು ಸಿಗುತ್ತದೆ. ಚಿಕೂನ್‌ಗುನ್ಯಾ ವೈರಸ್ಸಿನ ವಂಶವಾಹಿಯೂ ಸುಮಾರು 11,800 ಅಕ್ಷರಗಳ ಒಂದು ಬರಹ. ಅದು ಹೊಸ ಪ್ರತಿ ಮಾಡಿಕೊಳ್ಳುವಾಗ ತಾಳೆ ನೋಡುವವರು ಯಾರೂ ಇಲ್ಲ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಅಂಥ ಪ್ರತಿಗಳು ಅಳಿದುಹೋಗುತ್ತವೆ. ಎಲ್ಲೋ ಒಂದು ತಪ್ಪು ಮಾತ್ರ ಅದಕ್ಕೆ ಲಾಭ ತರುತ್ತದೆ. ಆ ಪ್ರತಿಯೇ ಬೆಳೆದು ಹರಡುತ್ತದೆ. ವೈರಸ್ಸಿಗೆ ಬುದ್ಧಿಯೂ ಇಲ್ಲ, ಯೋಜನೆಯೂ ಇಲ್ಲ.

ಇಂಥ ಲಾಭದ ತಪ್ಪೊಂದು 2005ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಕಂಡುಬಂದಿತು. ಚಿಕೂನ್‌ಗುನ್ಯಾವನ್ನು ಮುಖ್ಯವಾಗಿ ಹರಡುವುದು ಮನೆಯೊಳಗಿನ ಶುದ್ಧ ನೀರಿನಲ್ಲಿ ಬೆಳೆದು ಹಗಲು ಕಚ್ಚುವ ಈಡಿಸ್ ಈಜಿಪ್ಟೈ ಸೊಳ್ಳೆ. ಆ ದ್ವೀಪದಲ್ಲಿ ಹೆಚ್ಚಾಗಿದ್ದದ್ದು ಅದರ ಸೋದರಿ ಈಡಿಸ್ ಆಲ್ಬೊಪಿಕ್ಟಸ್, ತೋಟ ಮತ್ತು ಗಿಡಗಂಟಿಗಳ ಸೊಳ್ಳೆ. ವೈರಸ್ಸಿನ ಹೊರ ಕವಚದ ಒಂದು ಪ್ರೋಟೀನಿನಲ್ಲಿ 226ನೆಯ ಸ್ಥಾನದಲ್ಲಿ ಅಲನಿನ್ ಇರಬೇಕಾದಲ್ಲಿ ವ್ಯಾಲಿನ್ ಬಂದಿತು. ವಂಶವಾಹಿಯಲ್ಲಿ ತಪ್ಪಿದ್ದು ಒಂದೇ ಒಂದು ಅಕ್ಷರ. ಅಷ್ಟರಿಂದಲೇ ತೋಟದ ಸೊಳ್ಳೆಯ ಹೊಟ್ಟೆಯಲ್ಲಿ ನೆಲೆಯೂರಲು ಮೊದಲಿಗಿಂತ ಸುಮಾರು ನೂರರಲ್ಲೊಂದು ಪಾಲು ವೈರಸ್ ಸಾಕಾಯಿತೆಂದು ಮುಂದೆ ಪ್ರಯೋಗಗಳು ತೋರಿಸಿದವು. ದ್ವೀಪದ ಸುಮಾರು ಮೂರನೆಯ ಒಂದು ಪಾಲು ಜನ ಕಾಯಿಲೆ ಬಿದ್ದರು.

ನಮ್ಮ ದೇಶದ ಸಂಗತಿ ಇನ್ನೂ ಬೋಧಪ್ರದವಾಗಿದೆ. 2006ರಲ್ಲಿ ನಮ್ಮ ಕಡೆಯ ರಾಜ್ಯಗಳಲ್ಲಿ ಹಬ್ಬಿದ ವೈರಸ್ಸಿನಲ್ಲಿ ಈ ಬದಲಾವಣೆ ಇರಲಿಲ್ಲ. ಇಲ್ಲಿ ಅದಕ್ಕೆ ಮನೆಯ ಸೊಳ್ಳೆಯೇ ಸಾಕಾಗಿತ್ತು. ಮರುವರ್ಷ ಕೇರಳದ ರಬ್ಬರ್ ತೋಟಗಳಲ್ಲಿ, ಹಾಲು ಹಿಡಿಯುವ ಬಟ್ಟಲುಗಳಲ್ಲಿ ಮಳೆನೀರು ನಿಂತು ತೋಟದ ಸೊಳ್ಳೆ ಹೆಚ್ಚಿದ್ದಲ್ಲಿ, ಅದೇ ಅಕ್ಷರದ ತಪ್ಪು ಕಾಣಿಸಿಕೊಂಡಿತು. ಎಲ್ಲಿ ಯಾವ ಸೊಳ್ಳೆಗೆ ನಾವು ಎಡೆ ಮಾಡಿಕೊಡುತ್ತೇವೆಯೋ ಅಲ್ಲಿ ಅದಕ್ಕೆ ಹೊಂದುವ ವೈರಸ್ಸೇ ಮುಂದೆ ಬರುತ್ತದೆ.

ಹಾಗಾದರೆ ಸಂಸಾರಿಗಳು ಮಾಡಬೇಕಾದದ್ದೇನು? ರೋಗಿಯೊಬ್ಬನು ಹೆಚ್ಚಿದಷ್ಟೂ ವೈರಸ್ಸು ಪ್ರತಿ ಮಾಡಿಕೊಳ್ಳುವ ಸಂದರ್ಭಗಳು ಹೆಚ್ಚುತ್ತವೆ, ತಪ್ಪುಗಳೂ ಹೆಚ್ಚುತ್ತವೆ. ಆದ್ದರಿಂದ ಒಬ್ಬರಿಗೆ ಬಾರದಂತೆ ತಡೆದರೆ ವೈರಸ್ಸು ಬದಲಾಗುವ ದಾರಿಯನ್ನೂ ಅಷ್ಟರಮಟ್ಟಿಗೆ ತಡೆದಂತೆ. ಎರಡೂ ಜಾತಿಯ ಸೊಳ್ಳೆಗಳಿಗೆ ಬೇಕಾದದ್ದು ನಿಂತ ನೀರು.

ಸೊಳ್ಳೆಯನ್ನು ಹೇಗೆ ಕೊಲ್ಲುವುದೆಂದು ಹಿಂಜರಿಯುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರ ಮನಸ್ಸನ್ನು ನೋಯಿಸುವ ಅಗತ್ಯವಿಲ್ಲ. ನೀರು ಗಾಳಿಸಿ ಕುಡಿಯುವ ನಮಗೆ ಬಟ್ಟೆಯ ಬಳಕೆ ಹೊಸದಲ್ಲ. ಹಂಡೆ, ಪೀಪಾಯಿ, ಟಾಕಿಯ ಬಾಯಿಗೆ ದಟ್ಟ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದರೆ ಸೊಳ್ಳೆಗೆ ಮೊಟ್ಟೆ ಇಡಲು ಜಾಗವೇ ಸಿಗದು. ಜೀವವೇ ಹುಟ್ಟದಿದ್ದಲ್ಲಿ ಹಿಂಸೆಯ ಪ್ರಶ್ನೆಯೂ ಏಳದು. ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಗೋಡೆಯನ್ನು ತಿಕ್ಕಿ ತೊಳೆಯಬೇಕು. ಏಕೆಂದರೆ ಅಂಟಿಕೊಂಡ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬಾಳುತ್ತದೆ. ಅಂಗಡಿಯ ಹಿಂದಿನ ಹಳೆಯ ಟಾಯರು, ಒಡೆದ ಡಬ್ಬಿ, ತೆಂಗಿನ ಚಿಪ್ಪುಗಳನ್ನು ಮಳೆಗೆ ಮೊದಲೇ ತೆಗೆಸಿರಿ.

ಜ್ವರ ಬಂದವರನ್ನು ಹಗಲೂ ಸೊಳ್ಳೆ ಪರದೆಯಲ್ಲಿ ಮಲಗಿಸಿರಿ. ಅದು ಮನೆಯ ಉಳಿದವರ ರಕ್ಷಣೆಗಾಗಿ. ಈ ವೈರಸ್ಸನ್ನೇ ಕೊಲ್ಲುವ ವಿಶೇಷ ಔಷಧಿ ಇಲ್ಲ. ವಿಶ್ರಾಂತಿ, ಸಾಕಷ್ಟು ನೀರು, ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಇವೇ ಆಧಾರ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್‌ನಂಥ ನೋವಿನ ಗುಳಿಗೆಗಳನ್ನು ತಾವಾಗಿಯೇ ತೆಗೆದುಕೊಳ್ಳಬಾರದು.

ಚಾತುರ್ಮಾಸ ಮಳೆಯ ಕಾಲ, ಸೊಳ್ಳೆಯ ಕಾಲವೂ ಹೌದು. ದೀಪಾವಳಿಗೆ ಲೆಕ್ಕ ತಾಳೆ ನೋಡುವ ನಾವು, ಈ ನಾಲ್ಕು ತಿಂಗಳು ವಾರಕ್ಕೊಮ್ಮೆ ಮನೆಯ ನೀರನ್ನೂ ತಾಳೆ ನೋಡೋಣ.